ಹೆಣ್ಣುಮಕ್ಕಳು ಸೈಕಲ್ ತುಳಿದರೆ ಗರ್ಭಕೋಶಕ್ಕೆ ತೊಂದರೆಯೇ? ಫಾರ್ವರ್ಡ್ ಹೇಳುವುದೇನು, ನಿಜ ಏನು

"ದೊಡ್ಡವರಾದ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಿಸಬೇಡಿ" ಎಂಬ ಅರ್ಥದ ಮೆಸೇಜು ನಿಮಗೂ ಬಂದಿರಬಹುದು. ಒಮ್ಮೆ ಅದು "ಡಾಕ್ಟರು ಹೇಳಿದ್ದು" ಎಂದು ಶುರುವಾಗುತ್ತದೆ. ಇನ್ನೊಮ್ಮೆ "ಹಿರಿಯರು ಸುಮ್ಮನೆ ಹೇಳಲಿಲ್ಲ" ಎಂದು ಶುರುವಾಗುತ್ತದೆ. ಒಳಗಿನ ಮಾತು ಮಾತ್ರ ಹೆಚ್ಚು ಬದಲಾಗುವುದಿಲ್ಲ. ಸೈಕಲ್ ತುಳಿದರೆ ಕನ್ಯಾಪೊರೆ ಹರಿಯುತ್ತದೆ, ಗರ್ಭಕೋಶ ಜಾರುತ್ತದೆ, ಮುಂದೆ ಮಕ್ಕಳಾಗುವುದಿಲ್ಲ, ಮುಟ್ಟಿನ ದಿನಗಳಲ್ಲಂತೂ ಮುಟ್ಟಲೇಬಾರದು. ಕೊನೆಗೆ "ಹೆಣ್ಣುಮಕ್ಕಳಿರುವ ಎಲ್ಲ ಮನೆಗೂ ಕಳಿಸಿ" ಎಂಬ ಸಾಲು.

ಓದಿದವರು "ಇರಲಿ, ಕಳಿಸಿದರೆ ನಷ್ಟವೇನು" ಎಂದು ಮುಂದಕ್ಕೆ ತಳ್ಳುತ್ತಾರೆ. ನಷ್ಟ ಇದೆ. ಹೈಸ್ಕೂಲು ಮೂರು ನಾಲ್ಕು ಕಿಲೋಮೀಟರ್ ದೂರ ಇರುವ ಊರಲ್ಲಿ ಸೈಕಲ್ ನಿಂತರೆ ಹುಡುಗಿಯ ಓದೂ ನಿಲ್ಲಬಹುದು. ಅದಕ್ಕೇ ಈ ಮೆಸೇಜಿನ ಒಂದೊಂದು ಮಾತನ್ನೂ ಬಿಡಿಸಿ ನೋಡೋಣ. ಆಮೇಲೆ ಇನ್ನೊಂದು ಪ್ರಶ್ನೆ ಕೇಳೋಣ. ನಮ್ಮ ರಸ್ತೆಗಳಲ್ಲಿ ಸೈಕಲ್ ತುಳಿಯುವ ಹೆಂಗಸರು ಇಷ್ಟು ಕಡಿಮೆ ಇರಲು ಕಾರಣ ಅವರ ದೇಹವಲ್ಲ ಎಂದಾದರೆ, ಮತ್ತೇನು?

ಮಾತು 1: "ಸೈಕಲ್ ತುಳಿದರೆ ಕನ್ಯಾಪೊರೆ ಹರಿಯುತ್ತದೆ"

ಈ ಮಾತನ್ನು ಮನೆಗಳಲ್ಲಿ ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. "ನಾಳೆ ಮದುವೆ ಆಗೋಳು" ಎಂದಷ್ಟೇ ಹೇಳುತ್ತಾರೆ. ಹಿಂದಿರುವ ಭಯ ಮಾತ್ರ ಇದೇ.

ಕನ್ಯಾಪೊರೆ ಎಂದರೆ ಬಾಗಿಲು ಮುಚ್ಚಿದ ಪರದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಹಾಗಿಲ್ಲ. ಯೋನಿಯ ಬಾಯಿಯ ಅಂಚಿನಲ್ಲಿರುವ ತೆಳ್ಳಗಿನ, ಹಿಗ್ಗುವ ಗುಣವಿರುವ ಮಡಿಕೆ ಅದು. ನಡುವೆ ದಾರಿ ಇರಲೇಬೇಕು, ಇಲ್ಲದಿದ್ದರೆ ಮುಟ್ಟಿನ ರಕ್ತ ಹೊರಗೆ ಬರುವುದಾದರೂ ಹೇಗೆ? ಅದರ ಆಕಾರ ಒಬ್ಬೊಬ್ಬರಲ್ಲಿ ಒಂದೊಂದು ಥರ. ಕೆಲವರಲ್ಲಿ ಹುಟ್ಟಿನಿಂದಲೇ ಬಹಳ ಕಡಿಮೆ ಇರುತ್ತದೆ. ಮೊದಲ ಸಲ ಲೈಂಗಿಕ ಸಂಪರ್ಕವಾದಾಗ ಎಲ್ಲರಿಗೂ ರಕ್ತ ಬರುವುದೂ ಇಲ್ಲ.

ಸೈಕಲ್ ಸೀಟಿನ ಮೇಲೆ ಕೂತಾಗ ಭಾರ ಬೀಳುವುದು ಕುಂಡಿಯ ಎಲುಬುಗಳ ಮೇಲೆ ಮತ್ತು ಹೊರಗಿನ ಭಾಗದ ಮೇಲೆ. ಕನ್ಯಾಪೊರೆ ಇರುವುದು ಅದಕ್ಕಿಂತ ಒಳಗೆ. ಕಾಲು ಜಾರಿ ಸೈಕಲ್‌ನ ಅಡ್ಡ ಬಾರಿನ ಮೇಲೆ ಬಿದ್ದರೆ ಪೆಟ್ಟಾಗಬಹುದು, ರಕ್ತವೂ ಬರಬಹುದು. ಅಂಥ ಪೆಟ್ಟು ಹೆಚ್ಚಾಗಿ ಹೊರಭಾಗಕ್ಕೇ ಆಗುತ್ತದೆ. ಬಿದ್ದು ಕೈ ತರಚಿದರೆ ತೋರಿಸುವಂತೆ ಇದನ್ನೂ ನಾಚಿಕೆ ಬಿಟ್ಟು ಡಾಕ್ಟರಿಗೆ ತೋರಿಸಬೇಕು.

ಇದಕ್ಕಿಂತ ಮುಖ್ಯವಾದ ಸಂಗತಿ ಒಂದಿದೆ. ಕನ್ಯಾಪೊರೆ ನೋಡಿ ಒಬ್ಬಳು "ಕನ್ಯೆ" ಹೌದೋ ಅಲ್ಲವೋ ಎಂದು ಯಾವ ಡಾಕ್ಟರೂ ಹೇಳಲಾರರು. ಇಂಥ ಪರೀಕ್ಷೆಗೆ ವೈಜ್ಞಾನಿಕ ಆಧಾರವೇ ಇಲ್ಲ, ಅದನ್ನು ನಿಲ್ಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಇತರ ಅಂಗಗಳು 2018ರ ಅಕ್ಟೋಬರ್‌ನಲ್ಲಿ ಒಟ್ಟಾಗಿ ಹೇಳಿದವು. ಅತ್ಯಾಚಾರ ಪ್ರಕರಣಗಳಲ್ಲಿ ನಡೆಯುತ್ತಿದ್ದ "ಎರಡು ಬೆರಳಿನ ಪರೀಕ್ಷೆ" ಮಾಡುವವರನ್ನು ದುರ್ನಡತೆಯ ತಪ್ಪಿತಸ್ಥರೆಂದು ಪರಿಗಣಿಸಬೇಕು ಎಂದು ನಮ್ಮ ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟಿತು. ನ್ಯಾಯಾಲಯವೇ ಒಪ್ಪದ ಅಳತೆಗೋಲನ್ನು ಹಿಡಿದು ಮನೆಯ ಹುಡುಗಿಯ ಸೈಕಲ್ ಕಸಿದುಕೊಳ್ಳುವುದು ಎಷ್ಟು ಸರಿ?

ಮಾತು 2: "ಗರ್ಭಕೋಶ ಜಾರುತ್ತದೆ, ಮಕ್ಕಳಾಗುವುದಿಲ್ಲ"

ಗರ್ಭಕೋಶ ಕಿಬ್ಬೊಟ್ಟೆಯಲ್ಲಿ, ಸೊಂಟದ ಎಲುಬುಗಳ ಬಟ್ಟಲಿನೊಳಗೆ ಇದೆ. ಕೆಳಗಿನಿಂದ ಸ್ನಾಯುಗಳ ಒಂದು ಹಾಸು ಅದನ್ನು ಹಿಡಿದುಕೊಂಡಿರುತ್ತದೆ. ಆ ಹಾಸು ಸಡಿಲವಾದಾಗ ಗರ್ಭಕೋಶ ಕೆಳಕ್ಕೆ ಜಾರುವುದು ನಿಜವಾದ ಕಾಯಿಲೆ, ನಮ್ಮ ಹಳ್ಳಿಗಳಲ್ಲಿ ಇದರಿಂದ ನರಳುವ ಹೆಂಗಸರು ಇದ್ದಾರೆ. ಅದಕ್ಕೆ ಗೊತ್ತಿರುವ ಕಾರಣಗಳು ಬೇರೆ: ಹಲವು ಹೆರಿಗೆ, ಕಷ್ಟದ ಹೆರಿಗೆ, ವಯಸ್ಸು, ವರ್ಷಗಟ್ಟಲೆ ಭಾರ ಎತ್ತುವುದು, ಬಿಡದ ಕೆಮ್ಮು, ಮಲಬದ್ಧತೆ, ಅತಿ ಬೊಜ್ಜು. ಶಾಲೆಗೆ ಸೈಕಲ್ ತುಳಿದುಕೊಂಡು ಹೋಗುವುದು ಈ ಪಟ್ಟಿಯಲ್ಲಿ ಇಲ್ಲ.

ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಭಾರ ಎತ್ತುವುದು ಅದರಲ್ಲಿದೆ. ಸೊಂಟದ ಮೇಲೊಂದು, ತಲೆಯ ಮೇಲೊಂದು ಕೊಡ ಹೊತ್ತು ದಿನಕ್ಕೆ ನಾಲ್ಕು ಸಲ ನೀರಿಗೆ ಓಡಾಡುವ ಹೆಂಗಸನ್ನು ಕಂಡು "ಗರ್ಭಕೋಶಕ್ಕೆ ತೊಂದರೆ" ಎಂದು ಫಾರ್ವರ್ಡ್ ಮಾಡುವವರು ಯಾರೂ ಇಲ್ಲ. ಅದೇ ಕೊಡವನ್ನು ಸೈಕಲ್‌ಗೆ ಕಟ್ಟಿ ತಳ್ಳಿಕೊಂಡು ಬಂದರೆ ದೇಹಕ್ಕೆ ಬೀಳುವ ಭಾರ ಕಡಿಮೆಯೇ ಆಗುತ್ತದೆ.

ಮಕ್ಕಳಾಗುವ ವಿಷಯವೂ ಅಷ್ಟೆ. ಶಾಲೆಗೆ, ಕೆಲಸಕ್ಕೆ, ಸಂತೆಗೆ ಸೈಕಲ್ ತುಳಿಯುವುದರಿಂದ ಬಂಜೆತನ ಬರುತ್ತದೆ ಎನ್ನಲು ಆಧಾರ ಇಲ್ಲ. ಇದರ ಸುತ್ತ ಇರುವ ಒಂದು ನಿಜವನ್ನೂ ಹೇಳಿಬಿಡುತ್ತೇವೆ. ಪಂದ್ಯಗಳಿಗಾಗಿ ದಿನಕ್ಕೆ ಗಂಟೆಗಟ್ಟಲೆ ತರಬೇತಿ ಮಾಡಿ, ಅದಕ್ಕೆ ತಕ್ಕ ಊಟ ಮಾಡದ ಕ್ರೀಡಾಪಟುಗಳಲ್ಲಿ ಮುಟ್ಟು ಏರುಪೇರಾಗಬಹುದು, ನಿಂತೂ ಹೋಗಬಹುದು. ಅದು ಓಟ, ಈಜು, ಜಿಮ್ನಾಸ್ಟಿಕ್ಸ್ ಎಲ್ಲದರಲ್ಲೂ ಆಗುವುದುಂಟು. ಅಲ್ಲಿನ ತೊಂದರೆ ಹೊಟ್ಟೆಗೆ ಸಾಲದ ಊಟದ್ದು, ಸೈಕಲ್‌ದಲ್ಲ.

ಗರ್ಭಿಣಿಯರ ವಿಷಯ ಮಾತ್ರ ಬೇರೆ. ಹೊಟ್ಟೆ ದೊಡ್ಡದಾದಂತೆ ಸಮತೋಲ ಬದಲಾಗುತ್ತದೆ, ಬೀಳುವ ಅಪಾಯ ಹೆಚ್ಚುತ್ತದೆ. ಆಗ ರಸ್ತೆಯ ಸೈಕಲ್ ಬಿಟ್ಟು ನಡಿಗೆ ಅಥವಾ ನಿಂತಲ್ಲೇ ತುಳಿಯುವ ವ್ಯಾಯಾಮದ ಸೈಕಲ್ ಒಳ್ಳೆಯದು. ಯಾವುದನ್ನೇ ಆಗಲಿ, ನೋಡಿಕೊಳ್ಳುತ್ತಿರುವ ಡಾಕ್ಟರನ್ನು ಕೇಳಿಯೇ ಮಾಡಿ.

ಮಾತು 3: "ಮುಟ್ಟಿನ ದಿನ ಸೈಕಲ್ ಮುಟ್ಟಬಾರದು"

ಮುಟ್ಟಿನ ದಿನ ಸೈಕಲ್ ತುಳಿದರೆ ಯಾವ ಹಾನಿಯೂ ಇಲ್ಲ. ಹೊಟ್ಟೆನೋವು ಜೋರಾಗಿದ್ದರೆ, ಸುಸ್ತಾಗಿದ್ದರೆ ಬೇಡ ಎನಿಸುವುದು ಸಹಜ, ಅವತ್ತು ಬಿಡಲಿ. ಆದರೆ ಅದನ್ನು ತೀರ್ಮಾನಿಸಬೇಕಾದವಳು ಅವಳೇ.

ಸಂಶೋಧನೆ ಹೇಳುವುದು ಮೆಸೇಜಿಗೆ ತಿರುವುಮುರುವಾಗಿದೆ. ಮುಟ್ಟಿನ ನೋವು ಮತ್ತು ವ್ಯಾಯಾಮದ ಬಗ್ಗೆ ನಡೆದ ಅಧ್ಯಯನಗಳನ್ನು ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2019ರಲ್ಲಿ ಒಟ್ಟು ಹಾಕಿ ನೋಡಿತು. ವಾರಕ್ಕೆ ಮೂರು ಸಲವಾದರೂ, ಪ್ರತಿ ಸಲ 45ರಿಂದ 60 ನಿಮಿಷ ವ್ಯಾಯಾಮ ಮಾಡುವವರಲ್ಲಿ ನೋವು ಗಣನೀಯವಾಗಿ ಕಡಿಮೆಯಾಗಬಹುದು ಎಂದು ಕಂಡುಬಂತು. ಆ ಅಧ್ಯಯನಗಳು ಇನ್ನೂ ಗಟ್ಟಿಯಾಗಬೇಕಿದೆ ಎಂದೂ ಅವರೇ ಹೇಳಿದ್ದಾರೆ. ಹಾನಿ ಎನ್ನುವ ಮಾತಿಗಂತೂ ಅಲ್ಲಿ ಬಲ ಸಿಗಲಿಲ್ಲ.

ಹಾಗಾದರೆ ತೊಂದರೆಯೇ ಇಲ್ಲವೇ? ಇದೆ, ಸೀಟಿನದು

"ಎಲ್ಲ ಸುಳ್ಳು" ಎಂದು ಹೇಳಿ ಕೈತೊಳೆದುಕೊಳ್ಳುವುದು ನಮ್ಮ ಉದ್ದೇಶವಲ್ಲ. ಸೈಕಲ್, ಈಜು, ಓಟದಲ್ಲಿ ತೊಡಗಿದ ಸಾವಿರಾರು ಹೆಣ್ಣುಮಕ್ಕಳನ್ನು ವಿಚಾರಿಸಿ ಅಮೆರಿಕದ ಸಂಶೋಧಕರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸೈಕಲ್ ತುಳಿಯುವವರ ಲೈಂಗಿಕ ಆರೋಗ್ಯ ಉಳಿದವರಿಗಿಂತ ಕೆಟ್ಟಿರಲಿಲ್ಲ. ಆದರೆ ಅವರಲ್ಲಿ ಮೂತ್ರದ ಸೋಂಕು, ಸೀಟು ತಾಗುವ ಜಾಗ ಜೋಮು ಹಿಡಿಯುವುದು, ಅಲ್ಲಿ ಹುಣ್ಣಾಗುವುದು ಹೆಚ್ಚು ಕಂಡವು. ಇವು ಹೆಚ್ಚಾಗಿ ದೂರ ದೂರ ತುಳಿಯುವವರಿಗೆ ಬರುವ ತೊಂದರೆಗಳು. ಬಹುಪಾಲು ಸರಿಮಾಡಿಕೊಳ್ಳಬಹುದಾದವು:

• ಸೀಟಿನ ಎತ್ತರ: ಪೆಡಲ್ ತೀರ ಕೆಳಗೆ ಬಂದಾಗ ಮಂಡಿ ಸ್ವಲ್ಪವೇ ಮಡಚಿರಬೇಕು. ಸೀಟು ತಗ್ಗಿದ್ದರೆ ಮಂಡಿ ನೋಯುತ್ತದೆ, ಎತ್ತರ ಹೆಚ್ಚಾದರೆ ಸೊಂಟ ಅತ್ತಿತ್ತ ಎಳೆದು ತೊಡೆಸಂದು ಉಜ್ಜುತ್ತದೆ.

• ಸೀಟಿನ ಓಲು: ಮೂತಿ ಮೇಲಕ್ಕೆ ಎದ್ದಿರಬಾರದು, ನೆಲಕ್ಕೆ ಸಮನಾಗಿರಲಿ. ಜೋಮು ಹಿಡಿಯಲು ದೊಡ್ಡ ಕಾರಣ ಇದೇ.

• ಸೀಟಿನ ಅಗಲ: ಹೆಂಗಸರ ಕುಂಡಿಯ ಎಲುಬುಗಳ ನಡುವಿನ ಅಂತರ ಸಾಮಾನ್ಯವಾಗಿ ಹೆಚ್ಚು. ಗಂಡಸರ ಅಳತೆಯ ಕಿರಿದಾದ ಸೀಟಿನಲ್ಲಿ ಭಾರ ಎಲುಬಿನ ಬದಲು ಮೆತ್ತನೆಯ ಭಾಗಕ್ಕೆ ಬೀಳುತ್ತದೆ. ಹಿಂಭಾಗ ಸ್ವಲ್ಪ ಅಗಲವಿರುವ ಸೀಟು ಹಾಕಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ.

• ಬಟ್ಟೆ ಮತ್ತು ನೀರು: ಹತ್ತಿಯ ಒಳಉಡುಪು, ಬೆವರು ಆರಿದ ಒಣಬಟ್ಟೆ, ಸಾಕಷ್ಟು ನೀರು, ಮೂತ್ರ ತಡೆಯದಿರುವುದು. ಉರಿಮೂತ್ರ ಬಂದರೆ ಮನೆಮದ್ದಿನಲ್ಲೇ ದಿನ ತಳ್ಳದೆ ಡಾಕ್ಟರನ್ನು ಕಾಣಿ. ದುಪಟ್ಟಾ ಮತ್ತು ಸೆರಗನ್ನು ಗಂಟು ಹಾಕಿಕೊಳ್ಳಿ, ಚಕ್ರಕ್ಕೆ ಸಿಕ್ಕಿದರೆ ಅದು ನಿಜವಾದ ಅಪಾಯ.

ಈ ಭಯ ನಮ್ಮೂರಿನದು ಮಾತ್ರವಲ್ಲ

ಈ ಮೆಸೇಜು ನಮ್ಮ ಹಿರಿಯರಿಂದ ಬಂದದ್ದು ಎಂದು ನಂಬಬೇಡಿ. 1890ರ ದಶಕದಲ್ಲಿ ಇಂಗ್ಲೆಂಡ್, ಅಮೆರಿಕಗಳಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಸೈಕಲ್ ಏರಿದರು. ಆಗ ಅಲ್ಲಿನ ಕೆಲವು ಡಾಕ್ಟರುಗಳು ಪತ್ರಿಕೆಗಳಲ್ಲಿ ಎಚ್ಚರಿಕೆ ಬರೆದರು. ಸೈಕಲ್‌ನಿಂದ ಹೆರಿಗೆಗೆ ತೊಂದರೆ, ನರಗಳಿಗೆ ತೊಂದರೆ ಎಂದರು. "ಸೈಕಲ್ ಮುಖ" ಎಂಬ ಕಾಯಿಲೆಯನ್ನೂ ಹುಟ್ಟುಹಾಕಿದರು. ಸಮತೋಲ ಕಾಯುವ ಆತಂಕದಲ್ಲಿ ಹೆಂಗಸರ ಮುಖ ಬಿಗಿದು, ಕಣ್ಣು ಉಬ್ಬಿ, ಹಾಗೇ ಉಳಿದುಬಿಡುತ್ತದೆ ಎಂಬುದು ಅದರ ಸಾರ.

ಆ ಕಾಯಿಲೆ ಎಲ್ಲೂ ಕಾಣಿಸಲಿಲ್ಲ. ಕಾಣಿಸಿದ್ದು ಬೇರೆ: ಹೆಂಗಸರು ಯಾರ ಜೊತೆಯೂ ಇಲ್ಲದೆ ತಮ್ಮಷ್ಟಕ್ಕೆ ಊರು ಸುತ್ತಿದರು, ಕಾಲಿಗೆ ತೊಡರುವ ಉದ್ದ ಲಂಗ ಬಿಟ್ಟು ಹಗುರ ಉಡುಪು ತೊಟ್ಟರು. ಅಮೆರಿಕದಲ್ಲಿ ಮತದಾನದ ಹಕ್ಕಿಗಾಗಿ ಹೋರಾಡಿದ ಸೂಸನ್ ಬಿ. ಆಂಥನಿ, ಹೆಂಗಸರ ಬಿಡುಗಡೆಗೆ ಸೈಕಲ್‌ನಷ್ಟು ನೆರವಾದದ್ದು ಬೇರಿಲ್ಲ ಎಂಬ ಅರ್ಥದ ಮಾತನ್ನು 1896ರಲ್ಲಿ ಹೇಳಿದರು. ಡಾಕ್ಟರ ಹೆಸರಿನಲ್ಲಿ ಹೆದರಿಸುವ ಚಾಳಿ ನೂರು ವರ್ಷಕ್ಕೂ ಹಳೆಯದು. ಈಗ ಅದು ಪತ್ರಿಕೆ ಬಿಟ್ಟು ಫೋನಿಗೆ ಬಂದಿದೆ.

ದೇಹ ಕಾರಣ ಅಲ್ಲ ಎನ್ನಲು ದೊಡ್ಡ ಪುರಾವೆ

ದೇಹವೇ ಅಡ್ಡಿಯಾಗಿದ್ದರೆ ಪ್ರಪಂಚದ ಎಲ್ಲ ಕಡೆ ಹೆಂಗಸರು ಕಡಿಮೆ ತುಳಿಯಬೇಕಿತ್ತು. ಹಾಗಿಲ್ಲ. ನೆದರ್ಲ್ಯಾಂಡ್ಸ್‌ನಲ್ಲಿ ಸೈಕಲ್ ಮೇಲಿನ ಓಡಾಟದಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರದ್ದೇ. ಅಜ್ಜಿಯರು ತರಕಾರಿ ತರಲು, ತಾಯಂದಿರು ಮಕ್ಕಳನ್ನು ಶಾಲೆಗೆ ಬಿಡಲು ಸೈಕಲ್ ಹಿಡಿಯುತ್ತಾರೆ.

ಆರು ಖಂಡಗಳ 17 ದೇಶಗಳ ಲೆಕ್ಕ ನೋಡಿದ ಒಂದು ಅಧ್ಯಯನ 2022ರಲ್ಲಿ ಹೊರಬಂತು. ಅದರ ಮುಂದಾಳು ದೆಹಲಿ ಐಐಟಿಯ ರಾಹುಲ್ ಗೋಯಲ್. ಅಲ್ಲಿ ಒಂದು ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಎಲ್ಲೆಲ್ಲಿ ಒಟ್ಟು ಓಡಾಟದಲ್ಲಿ ಸೈಕಲ್‌ನ ಪಾಲು ಶೇ 7ಕ್ಕಿಂತ ಹೆಚ್ಚೋ ಅಲ್ಲೆಲ್ಲ ಹೆಂಗಸರು ಗಂಡಸರಷ್ಟೇ, ಕೆಲವು ಕಡೆ ಅವರಿಗಿಂತ ಹೆಚ್ಚು ತುಳಿಯುತ್ತಾರೆ. ಸೈಕಲ್ ಅಪರೂಪವಾಗಿರುವ ಕಡೆ ತುಳಿಯುವವರು ಹೆಚ್ಚಾಗಿ ಗಂಡಸರೇ. ಅಂದರೆ ರಸ್ತೆ ಸೈಕಲ್‌ಗೆ ಹೊಂದಿಕೊಂಡಿದ್ದರೆ ಹೆಂಗಸರು ತಾವಾಗಿಯೇ ಹೊರಬರುತ್ತಾರೆ. ರಸ್ತೆ ಅಪಾಯದ್ದಾಗಿದ್ದರೆ ಮೊದಲು ಹಿಂದೆ ಸರಿಯುವವರೂ ಅವರೇ.

ನೆದರ್ಲ್ಯಾಂಡ್ಸ್ ಕೂಡ ಮೊದಲಿನಿಂದ ಹೀಗೇ ಇರಲಿಲ್ಲ. ಕಾರುಗಳು ಹೆಚ್ಚಿದ ಮೇಲೆ, 1971 ಒಂದೇ ವರ್ಷದಲ್ಲಿ ಅಲ್ಲಿ ರಸ್ತೆ ಅಪಘಾತಕ್ಕೆ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. "ಮಕ್ಕಳ ಕೊಲೆ ನಿಲ್ಲಿಸಿ" ಎಂಬ ಹೆಸರಿನಲ್ಲೇ ಚಳವಳಿ ಎದ್ದಿತು. ತಂದೆತಾಯಂದಿರು ರಸ್ತೆಗಿಳಿದರು. ಆಮೇಲಿನ ದಶಕಗಳಲ್ಲಿ ಸೈಕಲ್‌ಗೆ ಬೇರೆಯೇ ದಾರಿಗಳು, ಮನೆಗಳಿರುವ ಬೀದಿಗಳಲ್ಲಿ ವೇಗಕ್ಕೆ ಕಡಿವಾಣ ಬಂದವು. ಕೇಳಿ ಪಡೆದದ್ದರಿಂದ ಅದು ಸಿಕ್ಕಿತು.

ನಮ್ಮಲ್ಲಿ ಏನು ತಡೆಯುತ್ತಿದೆ?

ಮೊದಲನೆಯದು ಹೊತ್ತು. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ನಾಲ್ಕೂಮುಕ್ಕಾಲು ಗಂಟೆ ಒಂದು ಕಡೆ, ಒಂದೂವರೆ ಗಂಟೆಗೂ ಕಡಿಮೆ ಇನ್ನೊಂದು ಕಡೆ. ಬೆಳಿಗ್ಗೆ ಆರಕ್ಕೆ ಗಂಡಸರು ಸೈಕಲ್ ಕ್ಲಬ್ಬಿನವರ ಜೊತೆ ಹೊರಟರೆ, ಅದೇ ಹೊತ್ತಿಗೆ ಹೆಂಗಸರ ಕೈಯಲ್ಲಿ ಟಿಫಿನ್ ಡಬ್ಬಿ ಇರುತ್ತದೆ.

ಎರಡನೆಯದು ಓಡಾಟದ ಬಗೆ. ಗಂಡಸು ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ನೇರ ಹೋಗಿ ಬರುತ್ತಾನೆ. ಹೆಂಗಸು ಮಗುವನ್ನು ಅಂಗನವಾಡಿಗೆ ಬಿಟ್ಟು, ರೇಷನ್ ಅಂಗಡಿಗೆ ಹೋಗಿ, ಹಾಲು ಹಿಡಿದು, ಅತ್ತೆಯ ಮಾತ್ರೆ ತೆಗೆದುಕೊಂಡು ಬರುತ್ತಾಳೆ. ಹತ್ತಿರ ಹತ್ತಿರದ, ಸಾಮಾನು ಹೊರುವ ಈ ಓಡಾಟಕ್ಕೆ ಬುಟ್ಟಿ, ಕ್ಯಾರಿಯರ್ ಇರುವ ಸೈಕಲ್‌ಗಿಂತ ಒಳ್ಳೆಯ ಗಾಡಿ ಇಲ್ಲ. ಆದರೆ ಸೈಕಲ್ ದಾರಿ ಮಾಡುವಾಗ ಕಣ್ಣ ಮುಂದೆ ಇರುವುದು ಹೆಚ್ಚಾಗಿ ಆಫೀಸಿಗೆ ಹೋಗುವವರ ರಸ್ತೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಸೈಕಲ್ ಪಥ ಬಂದದ್ದು ಐಟಿ ಕಂಪನಿಗಳ ಸಾಲಿನ ಮುಂದೆ. ಬಡಾವಣೆಯ ಒಳಗೆ ಶಾಲೆಗೂ ಮಾರುಕಟ್ಟೆಗೂ ನಡುವೆ ಅಂಥ ದಾರಿ ಕಾಣುವುದು ಕಷ್ಟ.

ಮೂರನೆಯದು ಭಯ. ಇದು ಮೂಢನಂಬಿಕೆಯಲ್ಲ. ಹಿಂದಿನಿಂದ ಮೈಮೇಲೆ ಬರುವ ಟಿಪ್ಪರ್, ಪಕ್ಕಕ್ಕೆ ಬಂದು ಚುಡಾಯಿಸುವ ಬೈಕು, ದೀಪವಿಲ್ಲದ ಸಂಜೆಯ ದಾರಿ. ಅಪ್ಪ ಅಮ್ಮ "ಬೇಡ" ಎನ್ನುವುದು ಬಹಳ ಸಲ ಇದಕ್ಕೇ. ಅವರ ಆತಂಕವನ್ನು ನಾವು ಹಗುರ ಮಾಡುವುದಿಲ್ಲ. ಆದರೆ ದಾರಿಯ ತಪ್ಪಿಗೆ ಶಿಕ್ಷೆ ಹುಡುಗಿಗೆ ಆಗುತ್ತಿದೆ ಎಂಬುದನ್ನಂತೂ ಒಪ್ಪಿಕೊಳ್ಳಬೇಕು.

ನಾಲ್ಕನೆಯದು, ಸೈಕಲ್ ಯಾರದು ಎಂಬುದು. ಮನೆಯಲ್ಲಿ ಒಂದೇ ಸೈಕಲ್ ಇದ್ದರೆ ಅದು ಅಪ್ಪನದು, ಅಣ್ಣನದು. ಹುಡುಗರು ಬಾಡಿಗೆ ಸೈಕಲ್ ತಂದು ಒಳಪೆಡಲ್ ಹೊಡೆಯುತ್ತಾ, ಮೊಣಕಾಲು ಒಡೆದುಕೊಳ್ಳುತ್ತಾ ಕಲಿತುಬಿಡುತ್ತಾರೆ. ಹುಡುಗಿಯರಿಗೆ ಬೀದಿಯಲ್ಲಿ ಬಿದ್ದು ಏಳುವ ಅವಕಾಶವೇ ಸಿಗುವುದಿಲ್ಲ. ಕಲಿಯದೆ ದೊಡ್ಡವರಾದ ಮೇಲೆ "ನನಗೆ ಬರಲ್ಲ ಬಿಡಿ" ಎಂಬ ಮಾತು ಬರುತ್ತದೆ.

ಇದೆಲ್ಲದರ ಲೆಕ್ಕ ಆರೋಗ್ಯದಲ್ಲಿ ಕಾಣುತ್ತದೆ. 2024ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜಿನಂತೆ, ಭಾರತದಲ್ಲಿ ಶೇ 57ರಷ್ಟು ಹೆಂಗಸರಿಗೆ ಮತ್ತು ಶೇ 42ರಷ್ಟು ಗಂಡಸರಿಗೆ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ವ್ಯಾಯಾಮ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಸೈಕಲ್ ತುಳಿದರೆ ಅಷ್ಟು ಆಗಿಹೋಗುತ್ತದೆ, ಸಕ್ಕರೆ ಕಾಯಿಲೆ ಮತ್ತು ಹೃದ್ರೋಗದ ಅಪಾಯವೂ ತಗ್ಗುತ್ತದೆ.

ಪುದುಕ್ಕೋಟೆಯಲ್ಲಿ ಆದದ್ದು

ಕಲಿಸಿದರೆ ಏನಾಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆಯಲ್ಲಿ 1991ರ ಸುಮಾರಿಗೆ ಅರಿವೊಳಿ ಇಯಕ್ಕಂ ಎಂಬ ಸಾಕ್ಷರತಾ ಆಂದೋಲನ ನಡೆಯುತ್ತಿತ್ತು. ಆಗ ಜಿಲ್ಲಾಧಿಕಾರಿಯಾಗಿದ್ದವರು ಶೀಲಾ ರಾಣಿ ಚುಂಕತ್. ಅಕ್ಷರ ಕಲಿಸುವುದರ ಜೊತೆಗೆ ಹೆಂಗಸರಿಗೆ ಸೈಕಲ್ ಕಲಿಸುವುದನ್ನೂ ಆಂದೋಲನದ ಭಾಗವಾಗಿಸಿದರು.

ಕೂಲಿಯವರು, ಕಲ್ಲುಕ್ವಾರಿಯಲ್ಲಿ ದುಡಿಯುವವರು, ಊರೂರು ತಿರುಗುವ ನರ್ಸುಗಳು, ಬಾಲವಾಡಿ ಶಿಕ್ಷಕಿಯರು, ಎಲ್ಲರೂ ಕಲಿತರು. ಸಂಜೆ ಬಯಲಲ್ಲಿ ಒಬ್ಬಳು ಹತ್ತಿದರೆ ಇನ್ನೊಬ್ಬಳು ಹಿಂದೆ ಹಿಡಿದುಕೊಳ್ಳುತ್ತಿದ್ದಳು. ಸೈಕಲ್ ಮೇಲೆ ಹಾಡುಗಳೂ ಹುಟ್ಟಿದವು. ಗಂಡಸರ ಕುಹಕ ಇಲ್ಲದೇ ಇರಲಿಲ್ಲ. ಆದರೆ ಕಲಿತವರ ಸಂಖ್ಯೆ ಬೆಳೆದಂತೆ ಅದು ತಗ್ಗಿತು. ಈ ಕಥೆಯನ್ನು ಪತ್ರಕರ್ತ ಪಿ. ಸಾಯಿನಾಥ್ ವಿವರವಾಗಿ ಬರೆದಿದ್ದಾರೆ. ಸೈಕಲ್ ಕಲಿತ ಗ್ರಾಮೀಣ ಹೆಂಗಸರ ಸಂಖ್ಯೆ ಲಕ್ಷ ದಾಟಿತ್ತು ಎಂಬುದು ಅವರ ವರದಿ.

ಅಲ್ಲಿನ ಒಂದು ಸಂಗತಿ ನಮಗೆ ಬಹಳ ಹಿಡಿಸಿತು. ಲೇಡೀಸ್ ಸೈಕಲ್‌ಗಳು ಸಾಲದೆ ಹೋದಾಗ ಹೆಂಗಸರು ಗಂಡಸರ ಸೈಕಲ್ಲನ್ನೇ ಹತ್ತಿದರು. ಕೆಲವರಿಗೆ ಅದೇ ಮೇಲೆನಿಸಿತು, ಯಾಕೆಂದರೆ ನಡುವಿನ ಬಾರಿನ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದು. ಬಸ್ಸಿಗಾಗಿ ಕಾಯುವುದು ತಪ್ಪಿತು, ಬೆಳೆದದ್ದನ್ನು ಪಕ್ಕದ ಊರಿಗೆ ಒಯ್ದು ಮಾರುವುದು ಸುಲಭವಾಯಿತು. ಉಳಿದ ಹೊತ್ತಿನಲ್ಲಿ ಒಂದಿಷ್ಟು ವಿಶ್ರಾಂತಿಯೂ ಸಿಕ್ಕಿತು.

ಬಿಹಾರದ ಹುಡುಗಿಯರು, ನಮ್ಮ ಎಂಟನೇ ತರಗತಿ

ಬಿಹಾರದಲ್ಲಿ 2006ರಲ್ಲಿ, 9ನೇ ತರಗತಿ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು 2,000 ರೂಪಾಯಿ ಕೊಡುವ ಯೋಜನೆ ಶುರುವಾಯಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಪಕ್ಕದ ಜಾರ್ಖಂಡ್ ಜೊತೆ ಹೋಲಿಸಿ ಇದರ ಫಲವನ್ನು ಅಳೆದರು. ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತು. ಹುಡುಗ ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ಇಳಿಯಿತು. ಹೆಚ್ಚಿನ ಲಾಭ ಆದದ್ದು ಹೈಸ್ಕೂಲು 3 ಕಿಲೋಮೀಟರ್‌ಗಿಂತ ದೂರ ಇದ್ದ ಊರುಗಳಲ್ಲಿ.

ಲೆಕ್ಕ ಹಾಕಿದರೆ ಇದು ಅರ್ಥವಾಗುತ್ತದೆ. 3 ಕಿಲೋಮೀಟರ್ ನಡೆಯಲು ಸುಮಾರು 40 ನಿಮಿಷ ಬೇಕು, ಸೈಕಲ್‌ನಲ್ಲಿ 15 ನಿಮಿಷ. ಹೋಗಿ ಬರುವುದು ಸೇರಿ ದಿನಕ್ಕೆ 50 ನಿಮಿಷ ಉಳಿಯಿತು. ಹತ್ತು ಹುಡುಗಿಯರು ಒಟ್ಟಿಗೆ ಹೊರಟರೆ ಚುಡಾಯಿಸುವವನಿಗೆ ಧೈರ್ಯ ಸಾಲದು, ಮನೆಯವರಿಗೂ ಸಮಾಧಾನ.

ದೆಹಲಿ ಐಐಟಿಯ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಲೆಕ್ಕ ಇದಕ್ಕೆ ಇನ್ನಷ್ಟು ಬಲ ಕೊಡುತ್ತದೆ. ದೇಶದ ಹಳ್ಳಿಗಳಲ್ಲಿ ಶಾಲೆಗೆ ಸೈಕಲ್ ಮೇಲೆ ಹೋಗುವ ಹುಡುಗಿಯರ ಪ್ರಮಾಣ 2007ರಲ್ಲಿ ಶೇ 4.5 ಇತ್ತು, 2017ಕ್ಕೆ ಶೇ 11 ಆಯಿತು. ಬಿಹಾರದ ಹಳ್ಳಿಗಳಲ್ಲಿ ಎಂಟು ಪಟ್ಟು ಏರಿತು. ಇದಕ್ಕೆ ದೊಡ್ಡ ಕಾರಣ ಸರ್ಕಾರಗಳು ಕೊಟ್ಟ ಸೈಕಲ್‌ಗಳು.

ನಮ್ಮ ರಾಜ್ಯದಲ್ಲೂ 2006-07ರಲ್ಲಿ 8ನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡುವುದು ಶುರುವಾಗಿ, ಆಮೇಲೆ ಹುಡುಗರಿಗೂ ಸಿಕ್ಕಿತು. ಎರಡು ಜಡೆ, ಸಮವಸ್ತ್ರ, ಒಂದೇ ಬಣ್ಣದ ಸೈಕಲ್‌ಗಳ ಸಾಲು ಎಷ್ಟೋ ಊರುಗಳ ಬೆಳಗಿನ ನೋಟವಾಯಿತು. ಕೋವಿಡ್ ವರ್ಷಗಳಿಂದ ಆ ವಿತರಣೆಗೆ ತಡೆ ಬಿತ್ತು. ಸೈಕಲ್ ಸಿಕ್ಕ ಹುಡುಗಿಯರದೂ ಇನ್ನೊಂದು ಕಥೆ ಇದೆ. ಎಸ್‌ಎಸ್‌ಎಲ್‌ಸಿ ಮುಗಿದ ಮೇಲೆ ಆ ಸೈಕಲ್ ಎಲ್ಲಿ ಹೋಯಿತು ಎಂದು ನಿಮ್ಮ ಓಣಿಯಲ್ಲೇ ಕೇಳಿ ನೋಡಿ. ತಮ್ಮನಿಗೆ ಹೋಯಿತು, ಹಾಲು ಹಾಕಲು ಅಪ್ಪನಿಗೆ ಹೋಯಿತು, ಇಲ್ಲವೇ ಹಿತ್ತಲಲ್ಲಿ ತುಕ್ಕು ಹಿಡಿಯುತ್ತಿದೆ ಎಂಬ ಉತ್ತರವೇ ಹೆಚ್ಚು ಸಿಗುತ್ತದೆ. ತುಳಿಯಲು ಬರುವ ಹುಡುಗಿ ತುಳಿಯದ ಹೆಂಗಸಾಗುವುದು ಅಲ್ಲಿ. ಆದರೆ ಅದೇ ಕರ್ನಾಟಕದಲ್ಲಿ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹುಡುಗಿಯರು ರಾಷ್ಟ್ರಮಟ್ಟದ ಸೈಕಲ್ ಪಂದ್ಯಗಳಲ್ಲಿ ಪದಕ ಗೆದ್ದು ಬರುತ್ತಾರೆ. ಅವರ ದೇಹವೂ ಉಳಿದವರದ್ದೂ ಬೇರೆಯಲ್ಲ.

ಏನು ಮಾಡಬಹುದು?

ಮನೆಯಲ್ಲಿ: ಹುಡುಗಿಯ ಸೈಕಲ್ ಹುಡುಗಿಯದೇ ಆಗಿರಲಿ, ದೊಡ್ಡವಳಾದ ಮೇಲೂ. ಅವಳಿಗೆ ಗಾಳಿ ಹೊಡೆಯಲು, ಜಾರಿದ ಚೈನ್ ಕೂರಿಸಲು ಕಲಿಸಿ. ದಾರಿಯಲ್ಲಿ ಸೈಕಲ್ ಕೆಟ್ಟರೆ ಎಂಬ ಅರ್ಧ ಭಯ ಅಲ್ಲೇ ಹೋಗುತ್ತದೆ. ಅವಳು ಅರ್ಧ ಗಂಟೆ ಸೈಕಲ್ ತುಳಿಯಬೇಕಾದರೆ ಮನೆಯ ಅರ್ಧ ಗಂಟೆಯ ಕೆಲಸ ಬೇರೆ ಯಾರಾದರೂ ಹಂಚಿಕೊಳ್ಳಬೇಕು.

ದೊಡ್ಡವರು ಕಲಿಯಲು: ಮೂವತ್ತಾದರೂ ಐವತ್ತಾದರೂ ಕಲಿಯಬಹುದು. ಎರಡೂ ಪಾದ ನೆಲಕ್ಕೆ ಪೂರ್ತಿ ತಾಗುವಷ್ಟು ಸೀಟು ಇಳಿಸಿ. ಸೈಕಲ್ ಅಂಗಡಿಯಲ್ಲಿ ಎರಡೂ ಪೆಡಲ್ ಬಿಚ್ಚಿಸಿ. ಸ್ವಲ್ಪ ಇಳಿಜಾರಿರುವ ಬಯಲಲ್ಲಿ ಕಾಲಿನಿಂದ ನೆಲ ತಳ್ಳುತ್ತಾ ಸಾಗಿ, ಆಮೇಲೆ ಎರಡೂ ಕಾಲು ಎತ್ತಿ. ಸಮತೋಲ ಸಿಕ್ಕ ಮೇಲೆ ಪೆಡಲ್ ಹಾಕಿಸಿ. ಕಷ್ಟ ಇರುವುದು ಸಮತೋಲದಲ್ಲಿ, ತುಳಿಯುವುದರಲ್ಲಲ್ಲ. ಹಿಂದೆ ಹಿಡಿದುಕೊಳ್ಳುವವರು ಕ್ಯಾರಿಯರ್ ಹಿಡಿಯುವುದಕ್ಕಿಂತ ಭುಜದ ಹತ್ತಿರ ಇರುವುದು ಒಳ್ಳೆಯದು. ನಾಲ್ಕೈದು ಹೆಂಗಸರು ಒಟ್ಟಿಗೆ ಕಲಿತರೆ ನಾಚಿಕೆಯೂ ಕಡಿಮೆ.

ಶಾಲೆ ಮತ್ತು ಸಂಘಗಳಲ್ಲಿ: ಒಂದೇ ದಾರಿಯ ಹುಡುಗಿಯರು ಒಂದೇ ಹೊತ್ತಿಗೆ ಹೊರಡುವಂತೆ ಗುಂಪು ಮಾಡಿ. ಸ್ತ್ರೀಶಕ್ತಿ ಸಂಘಗಳ ಸಭೆಯ ದಿನವೇ ಶಾಲೆಯ ಮೈದಾನದಲ್ಲಿ ಕಲಿಕೆ ಇಟ್ಟುಕೊಳ್ಳಬಹುದು.

ಊರಲ್ಲಿ: ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ ಶಾಲೆಯ ದಾರಿಗೆ ಬೀದಿದೀಪ, ವೇಗ ತಡೆಯುವ ಉಬ್ಬು ಕೇಳಿ. ಬಸ್ ನಿಲ್ದಾಣದಲ್ಲಿ ಸೈಕಲ್ ನಿಲ್ಲಿಸಲು ನೆರಳಿರುವ, ಬೀಗ ಹಾಕಬಹುದಾದ ಜಾಗ ಕೇಳಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಉಚಿತ. ಆದರೆ ಬಸ್ ಸಿಗುವ ಜಾಗಕ್ಕೆ ಎರಡು ಮೂರು ಕಿಲೋಮೀಟರ್ ನಡೆಯಬೇಕಾದವರಿಗೆ ಆ ಉಚಿತ ಟಿಕೆಟ್ ಅರ್ಧ ದಾರಿಯಿಂದ ಮಾತ್ರ ಸಿಗುತ್ತದೆ. ಉಳಿದ ಅರ್ಧಕ್ಕೆ ಸೈಕಲ್ ಬೇಕು.

ಆ ಮೆಸೇಜು ಮತ್ತೆ ಬಂದರೆ

ಗುಂಪಿನಲ್ಲಿ ದೊಡ್ಡವರು ಹಾಕಿದ ಮೆಸೇಜಿಗೆ ಎದುರು ಹೇಳುವುದು ಕಷ್ಟ ಎಂದು ನಮಗೆ ಗೊತ್ತು. ಜಗಳ ಬೇಡ. ಕೆಳಗಿನ ಸಾಲುಗಳನ್ನು ಕಾಪಿ ಮಾಡಿ ಹಾಕಿದರೆ ಸಾಕು:

"ದೊಡ್ಡಪ್ಪ, ವಿಚಾರಿಸಿ ನೋಡಿದೆ. ಸೈಕಲ್ ತುಳಿದರೆ ಗರ್ಭಕೋಶಕ್ಕೆ ತೊಂದರೆ, ಮಕ್ಕಳಾಗಲ್ಲ ಅನ್ನೋದಕ್ಕೆ ಆಧಾರ ಇಲ್ಲ. ಮುಟ್ಟಿನ ದಿನವೂ ತುಳಿಯಬಹುದು. ಕನ್ಯಾಪೊರೆ ನೋಡಿ ಏನೂ ಹೇಳೋಕೆ ಆಗಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಬಿಹಾರದಲ್ಲಿ ಸೈಕಲ್ ಕೊಟ್ಟ ಮೇಲೆ ಹೈಸ್ಕೂಲಿಗೆ ಹೋಗೋ ಹುಡುಗಿಯರು ಹೆಚ್ಚಾದರು. ನಮ್ಮ ಮನೆ ಹುಡುಗಿ ಸೈಕಲ್ ತುಳೀಲಿ, ದಾರಿ ಸರಿಮಾಡಿಸೋ ಕೆಲಸ ನಾವು ಮಾಡೋಣ."

ದೊಡ್ಡಪ್ಪ ಆಗಿರದಿದ್ದರೆ ಅತ್ತೆ, ಮಾವ, ಅಣ್ಣ ಎಂದು ಬದಲಿಸಿಕೊಳ್ಳಿ. ಈ ಸಲ ಹೆಣ್ಣುಮಕ್ಕಳಿರುವ ಎಲ್ಲ ಮನೆಗೂ ಕಳಿಸಿ. ಗಂಡುಮಕ್ಕಳಿರುವ ಮನೆಗೂ ಕಳಿಸಿ, ಚುಡಾಯಿಸುವುದು ನಿಲ್ಲಬೇಕಾದದ್ದು ಅಲ್ಲಿಂದ.